ಮೆಟ್ರೊಗೆ ಐದೇ ನಿಮಿಷ, ಸಾರ್!

ಬೆಂಗಳೂರಿನ ಬ್ರೋಕರುಗಳಿಗೆ ಕಿಲೋಮೀಟರು ಗೊತ್ತಿಲ್ಲ. ಅವರ ಲೆಕ್ಕವೆಲ್ಲ ನಿಮಿಷದಲ್ಲಿ, ಅದೂ ಯಾವಾಗಲೂ ಐದೇ ನಿಮಿಷ. ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ಮನೆ ನೋಡಲು ಹೋಗಿ, ಬಾತ್‌ರೂಮಿನ ನಲ್ಲಿ ತಿರುಗಿಸಿ ನೋಡಿ. ಒಳಗಿಂದ ಬರೀ ಗಾಳಿ ಬುಸ್ ಎನ್ನುತ್ತಿರುವಾಗಲೇ, 'ಫುಲ್ ಕನೆಕ್ಟಿವಿಟಿ ಸಾರ್, ಮೆಟ್ರೊಗೆ ಐದೇ ನಿಮಿಷ' ಎನ್ನುತ್ತಾರೆ. ನೀರು? 'ಟ್ಯಾಂಕರ್ ಬರತ್ತೆ ಸಾರ್. ಅದಕ್ಕೂ ಮೇನ್ ರೋಡ್ ಹತ್ರಾನೇ.'

ಐದು ನಿಮಿಷ ಸುಳ್ಳೇನಲ್ಲ. ಕಾಗೆಗೆ ಅಷ್ಟು ಸಾಕು. ಕಾಲಿದ್ದವರು ಫುಟ್‌ಪಾತ್ ಹಿಡಿಯಬೇಕು. ಹತ್ತು ಹೆಜ್ಜೆ ಟೈಲ್ಸು, ಆಮೇಲೆ ಬೇಲಿ ಹಾಕಿದ ಟ್ರಾನ್ಸ್‌ಫಾರ್ಮರು. ಅದನ್ನು ಸುತ್ತಿ ಬಂದರೆ ದರ್ಶಿನಿಯವರು ಇಡ್ಲಿ ತಟ್ಟೆ ತೊಳೆಯುವ ಜಾಗ. ಅದರಾಚೆ ಪಿ.ಜಿ. ಹುಡುಗರ ಬೈಕುಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ. ಅಲ್ಲಿಂದ ಮುಂದೆ ಜಾಗ ಬಿಡುವಾಗಿದೆ ಎಂದು ಹಿಗ್ಗಬೇಡಿ. ರಸ್ತೆ ಜಾಮ್ ಆಗಿದ್ದಕ್ಕೆ ಸ್ಕೂಟರುಗಳೆಲ್ಲ ಅಲ್ಲೇ ಹತ್ತಿ ಬರುತ್ತಿರುತ್ತವೆ, ಹಾರ್ನ್ ಹೊಡೆದು ನಿಮ್ಮನ್ನೇ ರಸ್ತೆಗಿಳಿಸುತ್ತವೆ. ಕೊನೆಯ ಚಪ್ಪಡಿಯ ಈ ತುದಿ ಮೆಟ್ಟಿದರೆ ಆ ತುದಿ ಏಳುತ್ತದೆ, ಮೋರಿ ನೀರು ನೇರ ಪ್ಯಾಂಟಿಗೆ. ಆಟೊದವರನ್ನು ಕೇಳಿದಿರೋ, 'ಇಷ್ಟು ಹತ್ರಕ್ಕೆಲ್ಲ ಬರಲ್ಲ ಗುರೂ.' ಎಲೆಕ್ಟ್ರಾನಿಕ್ ಸಿಟಿಗೆ ಕೇಳಿದರೆ, 'ಅಷ್ಟು ದೂರ ಬರಲ್ಲ.' ಅವರು ಬರುವ ಊರು ಯಾವುದೆಂದು ಇದುವರೆಗೂ ಯಾರಿಗೂ ಪತ್ತೆಯಾಗಿಲ್ಲ.

ಹಾಗೆಂದು ಕಾಮಗಾರಿ ಕಡಿಮೆಯೇನಿಲ್ಲ. ಜಯದೇವ ಆಸ್ಪತ್ರೆ ಜಂಕ್ಷನ್ನಿನಲ್ಲಿ ಹದಿನೈದು ವರ್ಷವೂ ತುಂಬದ ಫ್ಲೈಓವರನ್ನು 2020ರಲ್ಲಿ ಕೆಡವಿ, ಮೆಟ್ರೊ ಜೊತೆಗೆ ಹೊಸ ಫ್ಲೈಓವರ್ ಕಟ್ಟಿದರು. ಈಗ ಕೆಳಗೆ ಅಂಡರ್‌ಪಾಸ್, ನಡುವೆ ರಸ್ತೆ, ಮೇಲೆ ಫ್ಲೈಓವರ್, ಅದಕ್ಕೂ ಮೇಲೆ ಮೆಟ್ರೊ. ರಸ್ತೆ ದಾಟಲು ನಿಂತ ಅಜ್ಜಿಯೊಬ್ಬರು ಎಲ್ಲ ಅಂತಸ್ತುಗಳನ್ನೂ ಕತ್ತೆತ್ತಿ ನೋಡಿ, ಪಕ್ಕದ ದನ ದಾಟಿದ ಮೇಲೆ ಅದರ ಹಿಂದೆ ದಾಟಿದರು. ಬುದ್ಧಿವಂತೆ.

ಮೆಟ್ರೊದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿ.ಮೀ., 16 ನಿಲ್ದಾಣ, ಮೂರೇ ರೈಲು! 25 ನಿಮಿಷಕ್ಕೊಂದರಂತೆ ಬಿಟ್ಟರು. ರೈಲು ಬರುವ ಮೊದಲೇ ದರ ಬಂದಿತ್ತು ಬಿಡಿ. ಅದೇ ವರ್ಷದ ಫೆಬ್ರುವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಏರಿತ್ತು.

ಸಮಯಪಾಲನೆ ಎಂದರೆ ಮನೆ ಮಾಲೀಕರದು. ಕಂಬ ಎದ್ದಾಗ ಒಮ್ಮೆ ಬಾಡಿಗೆ ಏರಿಸಿದರು, ಹಳಿ ಕೂತಾಗ ಒಮ್ಮೆ, ಪ್ರಾಯೋಗಿಕ ಸಂಚಾರಕ್ಕೊಮ್ಮೆ. ಉದ್ಘಾಟನೆಯ ದಿನ ಟಿ.ವಿ. ಮುಂದೆ ಕೈಮುಗಿದು ಕೂತಿದ್ದವರು ಹಸಿರು ಬಾವುಟ ಬೀಸಿದ ಕೂಡಲೇ ಎದ್ದು ಮೇಲಕ್ಕೆ ಬಂದರು. 'ನೋಡಿ ಸಾರ್, ಏರಿಯಾ ಡೆವಲಪ್ ಆಯ್ತು. ನೀವು ಮೆಟ್ರೊ ಉಪಯೋಗಿಸಲ್ಲ ಅಂದ್ರೆ ಅದು ನಿಮ್ಮಿಷ್ಟ, ಮೆಟ್ರೊ ಅಂತೂ ಇದೆಯಲ್ಲ?' ಉತ್ತರ ಹೊಳೆಯಲಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಅವರ ಹತ್ತಿರ ಇರುವಾಗ ಉತ್ತರಗಳು ಹೊಳೆಯುವುದೂ ಇಲ್ಲ.

ಬ್ರೋಕರ್ ಮತ್ತೆ ಸಿಕ್ಕಿದ್ದಾರೆ. ಬೊಮ್ಮಸಂದ್ರದ ಕಡೆ ಅಗ್ಗಕ್ಕೊಂದು ಮನೆಯಿದೆಯಂತೆ, ಕೊನೆಯ ಸ್ಟೇಷನ್ನಿಗೆ ಐದೇ ನಿಮಿಷ. ಅಲ್ಲಿಂದ ಗಡಿಯಾಚೆಯ ಹೊಸೂರಿಗೂ ಮೆಟ್ರೊ ಒಯ್ಯುವ ಮಾತಿರುವುದರಿಂದ ಆ ಏರಿಯಾವೂ ಬೇಗ ಡೆವಲಪ್ ಆಗುತ್ತದಂತೆ. ಮನೆಯವಳು ಮುಂಜಾಗ್ರತೆಯಾಗಿ ಪಕ್ಕದ ಮನೆಯವರ ಹತ್ತಿರ ತಮಿಳು ಕಲಿಯುತ್ತಿದ್ದಾಳೆ.