ಅವ್ವನ ಗುರುವಾರ

ಅಪ್ಪ ತೀರಿಕೊಂಡು ಎಂಟು ತಿಂಗಳಾದ ಮೇಲೆ ಅವ್ವನನ್ನು ಹುಬ್ಬಳ್ಳಿಯಿಂದ ಇಲ್ಲಿಗೆ ಕರೆಸಿಕೊಂಡೆ. ಇಲ್ಲಿ ಅಂದರೆ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ಲೀಡ್ಸ್ ಪಕ್ಕದ ಒಂದು ಸಣ್ಣ ಊರು. ಆಗ ಅವಳಿಗೆ 72 ವರ್ಷ. ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಬರುವಾಗಲೇ ಹೇಳಿಬಿಟ್ಟೆ: "ಅವ್ವಾ, ಇನ್ನ ನೀ ಏನೂ ಮಾಡಬ್ಯಾಡ. ಇಷ್ಟ ವರ್ಷ ದುಡದೀ. ಆರಾಮ ಕೂಡು."

ಮನಸ್ಸು ತುಂಬಿ ಹೇಳಿದ ಮಾತು ಅದು. ಅವ್ವ ನಾನು ಹೇಳಿದ ಹಾಗೇ ಕೂತಳು. ಕಿಟಕಿ ಪಕ್ಕದ ಕುರ್ಚಿಯಲ್ಲಿ, ಶಾಲು ಹೊದ್ದು, ಬೆಳಿಗ್ಗೆಯಿಂದ ಸಂಜೆವರೆಗೆ. ಅಡಿಗೆ ಹೆಂಡತಿ ನೋಡಿಕೊಳ್ಳುತ್ತಿದ್ದಳು, ಪಾತ್ರೆಗೆ ಮಷೀನು, ಬಟ್ಟೆಗೆ ಮಷೀನು. ಮೂರು ವಾರದಲ್ಲಿ ಅವ್ವ ಸಣ್ಣಗಾದಳು. ಮಧ್ಯಾಹ್ನ ಮಲಗಿದರೆ ಏಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ: "ತಮ್ಮಾ, ಇವತ್ತ ಯಾವ ವಾರ?" ಹೇಳಿದರೆ ಸಂಜೆಗೆ ಮತ್ತೆ ಅದನ್ನೇ ಕೇಳುವಳು. ಮರೆವಿನ ಕಾಯಿಲೆ ಶುರುವಾಯಿತಾ ಅಂತ ನಾವಿಬ್ಬರೂ ಹೆದರಿದೆವು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಆಯಿತು, ಒಂದಿಷ್ಟು ಪ್ರಶ್ನೆ ಕೇಳಿದರು, ಭಯಪಡುವಂಥದ್ದು ಏನೂ ಕಾಣಲಿಲ್ಲ. ಕೊನೆಗೆ ಡಾಕ್ಟರು ನನ್ನ ಕಡೆ ತಿರುಗಿ, "ಇವರು ದಿನವಿಡೀ ಏನು ಮಾಡುತ್ತಾರೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಏನೂ ಮಾಡದ ಹಾಗೆ ನೋಡಿಕೊಂಡವನೇ ನಾನು ಅಲ್ವಾ?

ಜುಲೈನಲ್ಲಿ ಒಂದು ದಿನ ಬಿಸಿಲು ಚೆನ್ನಾಗಿತ್ತು. ಅವ್ವ ಊರಿಂದ ತಂದಿದ್ದ ಕೌದಿಯನ್ನು ಹಿತ್ತಲಿನ ತಂತಿಯ ಮೇಲೆ ಹಾಕಿದ್ದೆವು. ಅರ್ಧ ಗಂಟೆಯೊಳಗೆ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಅವರಿಗೆ 82. ಶಾಲೆಯೊಂದರಲ್ಲಿ ಅಡಿಗೆ ಕೆಲಸ ಮಾಡಿ ನಿವೃತ್ತರಾದವರು, ಗಂಡ ಇಲ್ಲ. "ಅದನ್ನು ಹೊಲಿದವರು ಯಾರು?" ಅಂತ ಕೇಳಿದರು. ಅವ್ವನನ್ನು ತೋರಿಸಿದೆ. ಅವರು ಸೀದಾ ಒಳಗೆ ಬಂದು ಅವ್ವನ ಕೈ ಹಿಡಿದುಕೊಂಡು, ಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮವನ್ನು ಮುಟ್ಟಿ ನೋಡಿದರು. ಆಮೇಲೆ ತಮ್ಮ ಬೆರಳು ತೋರಿಸಿದರು. ಅಲ್ಲೂ ಅದೇ ಗುರುತು. ಆ ಅಜ್ಜಿ ಹೊಲಿಗೆ ಕಲಿತದ್ದು 74ನೇ ವಯಸ್ಸಿನಲ್ಲಂತೆ.

ಪ್ರತಿ ಗುರುವಾರ ನಮ್ಮೂರಿನ ಚರ್ಚಿನ ಹಾಲ್‌ನಲ್ಲಿ ಅವರ ಗುಂಪು ಸೇರುತ್ತದೆ. ಯು3ಎ ಅನ್ನುತ್ತಾರೆ, ಬದುಕಿನ ಮೂರನೆಯ ಘಟ್ಟದ ವಿಶ್ವವಿದ್ಯಾಲಯ ಅಂತ ಅರ್ಥ. ಈ ಯೋಚನೆ ಹುಟ್ಟಿದ್ದು 1973ರಲ್ಲಿ ಫ್ರಾನ್ಸಿನ ಟೂಲೂಸ್‌ನಲ್ಲಿ. ಅಲ್ಲಿ ಪ್ರೊಫೆಸರರು ಪಾಠ ಹೇಳುತ್ತಿದ್ದರು, ವಯಸ್ಸಾದವರು ಕೂತು ಕೇಳುತ್ತಿದ್ದರು. 80ರ ದಶಕದ ಶುರುವಿನಲ್ಲಿ ಇದನ್ನು ಬ್ರಿಟನ್ನಿಗೆ ತಂದ ಪೀಟರ್ ಲ್ಯಾಸ್ಲೆಟ್, ಮೈಕಲ್ ಯಂಗ್, ಎರಿಕ್ ಮಿಡ್‌ವಿಂಟರ್ ಪ್ರೊಫೆಸರರನ್ನೇ ಕೈಬಿಟ್ಟರು. ಇಲ್ಲಿ ಕಲಿಸುವವರೂ ಸದಸ್ಯರೇ, ಕಲಿಯುವವರೂ ಸದಸ್ಯರೇ. ಸೋಮವಾರ ಇತಿಹಾಸ ಹೇಳಿಕೊಟ್ಟವರು ಬುಧವಾರ ಇನ್ನೊಬ್ಬರ ಹತ್ತಿರ ಇಟಾಲಿಯನ್ ಭಾಷೆ ಕಲಿಯಬಹುದು. ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ಇವತ್ತು ಬ್ರಿಟನ್ನಿನಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಸಂಘಗಳಿವೆ.

ಮೊದಲ ಗುರುವಾರ ನಾನೂ ರಜೆ ಹಾಕಿ ಹೋದೆ, ಮಾತು ತಿಳಿಸಿ ಹೇಳಲು. ಅದರ ಅಗತ್ಯ ಬೀಳಲಿಲ್ಲ. ಹತ್ತು ಹನ್ನೆರಡು ಹೆಂಗಸರು, ಇಬ್ಬರು ಗಂಡಸರು. ಎಲ್ಲರೂ ಸ್ಕೇಲ್ ಇಟ್ಟು ಅಳೆದು, ಪೆನ್ಸಿಲಿನಲ್ಲಿ ಗೆರೆ ಹಾಕಿ, ಚೌಕ ಚೌಕವಾಗಿ ಬಟ್ಟೆ ಕತ್ತರಿಸುತ್ತಿದ್ದರು. ಅವ್ವ ಕೌದಿಗೆ ಅಳತೆ ಹಾಕಿದ್ದನ್ನು ನಾನು ನೋಡಿಯೇ ಇಲ್ಲ. ಹಳೆ ಸೀರೆ, ಧೋತರ, ಕುಬಸದ ಚೂರುಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಹೊಲಿಗೆ ಶುರು ಮಾಡಿ, ಸುತ್ತಿ ಸುತ್ತಿ ನಡುವಿಗೆ ಬರುತ್ತಾಳೆ. ಹೊಲಿಗೆ ಸಾಲು ನೀರಿನಲ್ಲಿ ಎದ್ದ ಅಲೆಯ ಹಾಗೆ ಕಾಣುತ್ತದೆ. ಕೊನೆಗೆ ನಡುವೆ ಉಳಿದ ಸಣ್ಣ ಜಾಗವನ್ನು ಮುಚ್ಚುವ ಮುಂಚೆ ಒಂದು ಚೂರು ಒಣರೊಟ್ಟಿ ಒಳಗಿಡುತ್ತಾಳೆ. "ಕೌದಿ ಹೊಟ್ಟಿ ಹಸೀಬಾರದು" ಅನ್ನುತ್ತಾಳೆ.

ಅವತ್ತು ಅವ್ವ ಕಾಲು ಗಂಟೆ ಸುಮ್ನೆ ನೋಡಿದಳು. ಆಮೇಲೆ ಪಕ್ಕದವರ ಬಟ್ಟೆ ಎಳೆದುಕೊಂಡು, ಒಂದೂ ಮಾತಾಡದೆ ಅವರ ಆರೇಳು ಹೊಲಿಗೆ ಬಿಚ್ಚಿ ಹಾಕಿದಳು. ನನಗೆ ಎದೆ ಧಸಕ್ ಅಂತು. ಆಕೆ ಕನ್ನಡಕ ಏರಿಸಿಕೊಂಡು, ಕುರ್ಚಿ ಹತ್ತಿರ ಎಳೆದುಕೊಂಡು, "ಮತ್ತೊಮ್ಮೆ ತೋರಿಸಿ" ಅಂದರು. ಅವತ್ತು ರಾತ್ರಿ ಅವ್ವ ಎರಡು ರೊಟ್ಟಿ ಜಾಸ್ತಿ ಉಂಡಳು. ಮುಂದಿನ ವಾರದಿಂದ ಯಾವ ವಾರ ಅಂತ ಕೇಳುವುದು ನಿಂತಿತು. ಬದಲಿಗೆ "ಗುರುವಾರಕ್ಕ ಇನ್ನ ಎರಡ ದಿನ ಅಲ್ಲೇನೋ?" ಅನ್ನತೊಡಗಿದಳು.

ಎಲ್ಲ ಮರೆವೂ ಸೂಜಿ ದಾರದಿಂದ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ನಿಜವಾದ ಕಾಯಿಲೆ ಇದ್ದರೆ ಡಾಕ್ಟರೇ ಬೇಕು, ತಡ ಮಾಡಬಾರದು. ಆದರೆ ಅವ್ವನಿಗಿದ್ದದ್ದು ಕಾಯಿಲೆಯಾಗಿರಲಿಲ್ಲ. ಅವಳಿಗೆ ಎಲ್ಲ ದಿನವೂ ಒಂದೇ ಆಗಿತ್ತು. ಯಾವ ವಾರ ಅಂತ ನೆನಪಿಟ್ಟುಕೊಳ್ಳಲು ಕಾರಣವೇ ಇರಲಿಲ್ಲ.

ಇದರ ಬಗ್ಗೆ ಆಮೇಲೆ ಸಾಕಷ್ಟು ಓದಿದೆ. ಅಮೆರಿಕದ ಡಲ್ಲಾಸ್‌ನಲ್ಲಿ 60ರಿಂದ 90 ವರ್ಷದ 200ಕ್ಕೂ ಹೆಚ್ಚು ಜನರನ್ನು ಸೇರಿಸಿ ಡೆನಿಸ್ ಪಾರ್ಕ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಗಿದೆ. ಕೆಲವರಿಗೆ ಬಟ್ಟೆ ಜೋಡಿಸಿ ಹೊಲಿಯುವುದನ್ನು, ಕೆಲವರಿಗೆ ಡಿಜಿಟಲ್ ಫೋಟೊಗ್ರಫಿಯನ್ನು, ಇನ್ನು ಕೆಲವರಿಗೆ ಎರಡನ್ನೂ ವಾರಕ್ಕೆ 15 ಗಂಟೆಗೂ ಹೆಚ್ಚು ಹೊತ್ತು, ಮೂರು ತಿಂಗಳು ಕಲಿಸಿದರು. ಬೇರೊಂದು ಗುಂಪು ಹರಟೆ, ಆಟ, ಪ್ರವಾಸ ಅಂತ ಖುಷಿಯಾಗಿ ಕಾಲ ಕಳೆಯಿತು. ಕಷ್ಟಪಟ್ಟು ಹೊಸದನ್ನು ಕಲಿತವರ ನೆನಪಿನ ಶಕ್ತಿ ಹೆಚ್ಚು ಸುಧಾರಿಸಿತ್ತು, ಅದರಲ್ಲೂ ಫೋಟೊ ಕಲಿತವರಲ್ಲಿ ಎದ್ದು ಕಾಣುತ್ತಿತ್ತು. ಇನ್ನೊಂದು ಜೀನ್ ಕೋಹೆನ್ ಅನ್ನುವ ಮನೋವೈದ್ಯರದು, 2006ರಲ್ಲಿ ಪ್ರಕಟವಾದದ್ದು. ವಾಷಿಂಗ್ಟನ್ನಿನಲ್ಲಿ ಸರಾಸರಿ 80 ವಯಸ್ಸಿನವರು ಹಾಡುವ ಗುಂಪು ಸೇರಿಕೊಂಡರು. ವರ್ಷ ಕಳೆದ ಮೇಲೆ ನೋಡಿದರೆ, ಸೇರದವರಿಗಿಂತ ಅವರು ಡಾಕ್ಟರ ಹತ್ತಿರ ಹೋಗಿದ್ದು ಕಡಿಮೆ, ಬಿದ್ದು ಪೆಟ್ಟಾಗಿದ್ದೂ ಕಡಿಮೆ. ಸುಮ್ನೆ ಜೊತೆಗಾರರಿದ್ದರೆ ಸಾಕು ಅಂದುಕೊಂಡಿದ್ದೆ. ಕೈಗೆ, ತಲೆಗೆ ಸ್ವಲ್ಪ ಕಷ್ಟ ಕೊಡುವ ಕೆಲಸವೂ ಬೇಕು ಅಂತ ಈಗ ಅನ್ನಿಸುತ್ತದೆ.

ಇಲ್ಲಿ ನಮ್ಮ ಕಡೆಯ ಮಾತು ಹೇಳಲೇಬೇಕು. ನಾನು ಸಣ್ಣವನಿದ್ದಾಗ ಧಾರವಾಡ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ, ಬೇಸಿಗೆ ಮಧ್ಯಾಹ್ನ ಕಟ್ಟೆಯ ಮೇಲೆ ಕೌದಿ ಹಾಸಿದರೆ ನಾಲ್ಕು ಮೂಲೆಗೆ ನಾಲ್ಕು ಜನ ಕೂರುತ್ತಿದ್ದರು. ಹಾಡು, ಬೈಗುಳ, ನಗು, ಅಳು ಎಲ್ಲ ಅಲ್ಲೇ. ಕಣ್ಣು ಮಂಜಾದ ಮುತ್ತಜ್ಜಿಗೂ ಕೆಲಸವಿತ್ತು. ಅವಳು ಬಟ್ಟೆ ಮುಟ್ಟಿ ನೋಡಿ ಯಾವುದು ಗಟ್ಟಿ, ಯಾವುದು ಜೀರ್ಣ ಅಂತ ಹೇಳುತ್ತಿದ್ದಳು. ಯಾರೂ ಇದನ್ನು ಕಲೆ ಅನ್ನುತ್ತಿರಲಿಲ್ಲ. ಚಳಿಗಾಲ ಬರುತ್ತದೆ, ಮಕ್ಕಳಿಗೆ ಹೊದೆಯಲು ಬೇಕು, ಅಷ್ಟೇ. ಅವಳ ಕೆಲಸಕ್ಕಾಗಿ ಒಂದು ಮನೆ ಕಾಯುತ್ತಿತ್ತು.

ಈಗ ಹುಬ್ಬಳ್ಳಿಯ ಫ್ಲ್ಯಾಟಿನಲ್ಲಿ ಹೊದಿಕೆ ಅಂಗಡಿಯಿಂದ ಬರುತ್ತದೆ. ಹಪ್ಪಳ, ಸಂಡಿಗೆಯೂ ಅಂಗಡಿಯಿಂದ ಬರುತ್ತವೆ. ಅವ್ವ ಸೂಜಿ ಹಿಡಿದರೆ ಮನೆಯವರೆಲ್ಲ "ಕಣ್ಣು ಹಾಳಾಗ್ತಾವ, ಈಗ್ಯಾಕ ಬೇಕು ಇದು" ಅನ್ನುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು, ನಾನು ಕಾರಿನಲ್ಲಿ ಅಂದ ಹಾಗೆಯೇ. ನಮ್ಮಲ್ಲಿ ಹಿರಿಯರಿಗೆ ಗೌರವ ಜಾಸ್ತಿ, ನಿಜ. ಆದರೆ ಆ ಗೌರವ ಬರಬರುತ್ತಾ ಅವರನ್ನು ಕುರ್ಚಿಯಲ್ಲಿ ಕೂರಿಸಿ ಕೈಯಲ್ಲಿರುವುದನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತಿದೆ. ಮೊದಲು ಅಡಿಗೆಮನೆ, ಆಮೇಲೆ ಹಣದ ಲೆಕ್ಕ, ಆಮೇಲೆ ಸೂಜಿ.

ಇದಕ್ಕಿಂತ ನೋವಿನ ವಿಷಯ ಅಪ್ಪನದು. ಶಾಲೆ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ, 63ನೇ ವಯಸ್ಸಿನಲ್ಲಿ, ಅಪ್ಪ ಒಂದು ಹಾರ್ಮೋನಿಯಂ ತಂದರು. ಬೆಳಿಗ್ಗೆ ಬೆಳಿಗ್ಗೆ ಸರಿಗಮ ತಿಕ್ಕುತ್ತಿದ್ದರು. ಬಂದ ನೆಂಟರು ನಕ್ಕರು, "ಮಾಸ್ತರ, ಈ ವಯಸ್ಸಿನ್ಯಾಗ ಇದೆಲ್ಲ ಯಾಕ್ರೀ?" ಅಂದರು. ಮಕ್ಕಳಾದ ನಾವೂ ಮುಜುಗರಪಟ್ಟೆವು. ಒಂದು ತಿಂಗಳಿಗೆ ಪೆಟ್ಟಿಗೆ ಅಟ್ಟ ಸೇರಿತು. ಆಮೇಲೆ ಹದಿಮೂರು ವರ್ಷ ಅಪ್ಪ ಪೇಪರ್ ಓದಿದರು, ಟಿವಿ ನೋಡಿದರು. ನಾನು ಒಮ್ಮೆಯೂ ಫೋನಿನಲ್ಲಿ "ಅಪ್ಪಾ, ಏನು ನುಡಿಸಿದ್ರಿ ಇವತ್ತು?" ಅಂತ ಕೇಳಲಿಲ್ಲ. ಕೇಳಿದ್ದರೆ ಸಾಕಾಗುತ್ತಿತ್ತೇನೋ.

ಈ ದೇಶದಲ್ಲಿ ನನಗೆ ಮೆಚ್ಚುಗೆಯಾದದ್ದು ಇದೇ. ಎಪ್ಪತ್ತರಲ್ಲಿ ಅಪಸ್ವರ ನುಡಿಸುವವರನ್ನು ನೋಡಿ ಯಾರೂ ನಗುವುದಿಲ್ಲ. ವಯಸ್ಸಾದವರು ಹೊಸ ವಿದ್ಯಾರ್ಥಿಯಾಗಬಹುದು, ಕೆಟ್ಟದಾಗಿ ಚಿತ್ರ ಬರೆಯಬಹುದು, ಮುಂದಿನ ವಾರ ಸ್ವಲ್ಪ ಕಡಿಮೆ ಕೆಟ್ಟದಾಗಿ ಬರೆಯಬಹುದು. ನಮ್ಮಲ್ಲಿ ಹಿರಿಯರು ಅಂದರೆ ಎಲ್ಲ ಬಲ್ಲವರು. ಬಲ್ಲವರು ತಪ್ಪು ಮಾಡುವ ಹಾಗಿಲ್ಲ, ಅದಕ್ಕೇ ಹೊಸದಕ್ಕೆ ಕೈ ಹಾಕುವ ಹಾಗೂ ಇಲ್ಲ.

ನಮ್ಮಲ್ಲಿ ಮಾದರಿಗಳಿಲ್ಲ ಅಂತಲ್ಲ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಅಂಕಣ ಶುರು ಮಾಡಿದ್ದು 1991ರಲ್ಲಿ, ಎಪ್ಪತ್ತೆಂಟರ ಸುಮಾರಿಗೆ. ಓದುಗರು ಪದಗಳ ಬಗ್ಗೆ ಕೇಳುತ್ತಿದ್ದರು, ಅವರು ಹುಡುಕಿ ಉತ್ತರಿಸುತ್ತಿದ್ದರು. 2021ರಲ್ಲಿ ತೀರಿಕೊಂಡಾಗ 107 ವರ್ಷ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ತೊಗಲುಗೊಂಬೆಯಾಟಕ್ಕಾಗಿ ಪದ್ಮಶ್ರೀ ಬಂದಾಗ 96 ವರ್ಷ. ನಾವು ಇಂಥವರ ಫೋಟೊ ಹಂಚಿಕೊಂಡು ಕೈ ಮುಗಿಯುತ್ತೇವೆ, ಮರುದಿನ ಮನೆಯ ಅಜ್ಜಿಗೆ "ಸುಮ್ನೆ ಕೂತ್ಕೋ" ಅನ್ನುತ್ತೇವೆ.

ಹಾಗಂತ ಇಲ್ಲಿಯದೆಲ್ಲ ಚಿನ್ನ ಅಂತ ತಿಳಿಯಬೇಡಿ. ಒಂಟಿತನದ ಸಮಸ್ಯೆ ನೋಡಿಕೊಳ್ಳಲು 2018ರಲ್ಲಿ ಬ್ರಿಟನ್ ಸರ್ಕಾರ ಒಬ್ಬ ಮಂತ್ರಿಗೇ ಹೊಣೆ ವಹಿಸಬೇಕಾಯಿತು. ಪಕ್ಕದ ಮನೆ ಅಜ್ಜಿಯ ಮಗ ಬರುವುದು ಕ್ರಿಸ್‌ಮಸ್ಸಿಗೆ. ಹಾಲ್‌ನಲ್ಲಿ ಎರಡು ತಾಸು ನಗುವ ಅದೇ ಅಜ್ಜಿ ಸಂಜೆ ಐದಕ್ಕೆ ಪರದೆ ಎಳೆದರೆ ಮತ್ತೆ ಮನೆಯಲ್ಲಿ ಸದ್ದಿಲ್ಲ. ಅವ್ವ ಇದನ್ನು ನನಗಿಂತ ಬೇಗ ಕಂಡುಕೊಂಡಳು. ಒಂದು ದಿನ ಕೇಳಿದಳು: "ಇವರಿಗೆ ಗುರುವಾರ ಐತಿ. ಉಳಿದ ಆರು ದಿನ ಏನ ಮಾಡ್ತಾರೋ ತಮ್ಮಾ?" ಮಾರನೆಯ ದಿನದಿಂದಲೇ ಮಧ್ಯಾಹ್ನ ಬೇಲಿಯಾಚೆ ನಿಂತು ಆ ಅಜ್ಜಿಯನ್ನು ಚಹಾಕ್ಕೆ ಕರೆಯತೊಡಗಿದಳು. ಭಾಷೆ ಇಲ್ಲ, ಇಬ್ಬರ ನಡುವೆ ಬಟ್ಟೆ ಇತ್ತು.

ಅಪ್ಪನ ಸಾವಿನ ಬಗ್ಗೆ ಅವ್ವ ನನ್ನೆದುರು ಅತ್ತಿರಲೇ ಇಲ್ಲ. ಸಾಂತ್ವನ ಹೇಳಲು ನಾನು ಎದುರಿಗೆ ಕೂತಾಗಲೆಲ್ಲ ಎದ್ದು ಹೋಗುತ್ತಿದ್ದಳು. ಅಕ್ಟೋಬರಿನ ಒಂದು ಗುರುವಾರ, ಹಾಲ್‌ನಲ್ಲಿ ಅಪ್ಪನ ಹಳೆಯ ಧೋತರ ಕತ್ತರಿಸಲು ಹೋಗಿ ಕೈ ನಿಂತಿತಂತೆ. ಪಕ್ಕದಲ್ಲಿದ್ದ ಅಜ್ಜಿ ಏನೂ ಕೇಳದೆ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡರು. ಅವ್ವ ಅತ್ತಳು, ಅತ್ತುಕೊಂಡೇ ಕತ್ತರಿಸಿದಳು. ಆಸ್ಟ್ರೇಲಿಯಾದಲ್ಲಿ ಶುರುವಾಗಿ ಇಲ್ಲಿಗೂ ಬಂದ 'ಮೆನ್ಸ್ ಶೆಡ್' ಅಂತ ಇದೆ, ವಯಸ್ಸಾದ ಗಂಡಸರು ಸೇರಿ ಬಡಗಿ ಕೆಲಸ, ರಿಪೇರಿ ಮಾಡುವ ಜಾಗ. ಗಂಡಸರು ಮುಖಕ್ಕೆ ಮುಖ ಕೊಟ್ಟು ಮಾತಾಡುವುದಿಲ್ಲ, ಹೆಗಲಿಗೆ ಹೆಗಲು ಕೊಟ್ಟು ಮಾತಾಡುತ್ತಾರೆ ಅನ್ನುವುದು ಅವರ ಮಾತು. ನಮ್ಮ ಕಟ್ಟೆಯ ಮೇಲಿನ ಹೆಂಗಸರಿಗೂ ಇದು ಗೊತ್ತಿತ್ತು.

ವಾಪಸ್ ಹೋಗುವ ಮುಂಚೆ ಅವ್ವನಿಗೆ ಲಂಡನ್ ತೋರಿಸಿದೆ. ಟೇಟ್ ಮಾಡರ್ನ್ ಮ್ಯೂಸಿಯಂನಲ್ಲಿ ಫ್ರಾನ್ಸಿನ ಚಿತ್ರಕಾರ ಮತೀಸ್ ಅವರ 'ಬಸವನಹುಳು' ನೋಡಿದೆವು. ಬಣ್ಣ ಬಳಿದ ಕಾಗದದ ದೊಡ್ಡ ದೊಡ್ಡ ಚೂರು ಅಂಟಿಸಿ 1953ರಲ್ಲಿ ಮಾಡಿದ ಚಿತ್ರ. ಅವ್ವ ಅದರ ಮುಂದೆ ನಿಂತುಬಿಟ್ಟಳು. "ಕೌದಿ ಇದ್ದಂಗ ಐತಲ್ಲೋ. ಯಾರು ಮಾಡ್ಯಾರ?" ಅಂದಳು. 1941ರಲ್ಲಿ ದೊಡ್ಡ ಆಪರೇಷನ್ ಆದ ಮೇಲೆ ಅವರಿಗೆ ಹೆಚ್ಚು ಹೊತ್ತು ನಿಂತು ಚಿತ್ರ ಬರೆಯಲು ಆಗುತ್ತಿರಲಿಲ್ಲ, ಕೂತಲ್ಲೇ ಕತ್ತರಿ ಹಿಡಿದರು, ಇದನ್ನು ಮಾಡಿದಾಗ 80 ದಾಟಿತ್ತು ಅಂತ ಹೇಳಿದೆ. "ಮನ್ಯಾಗ ಯಾರೂ ಬ್ಯಾಡ ಅನ್ನಲಿಲ್ಲೇನು?" ಅಂತ ಕೇಳಿದಳು.

ಅವ್ವ ಈಗ ಹುಬ್ಬಳ್ಳಿಯಲ್ಲಿದ್ದಾಳೆ. ಅಣ್ಣ ಊಟದ ಮನೆಯ ಟೇಬಲ್ ಸರಿಸಿ ನೆಲದಲ್ಲಿ ಜಾಗ ಮಾಡಿಕೊಟ್ಟಿದ್ದಾನೆ. ಮೇಲಿನ ಮಹಡಿಯ ಇಬ್ಬರು ಹೆಂಗಸರು ಗುರುವಾರ ಮಧ್ಯಾಹ್ನ ಬರುತ್ತಾರೆ. ಹಾರ್ಮೋನಿಯಂ ಅಟ್ಟದಿಂದ ಇಳಿದಿದೆ, ಅಣ್ಣನ ಮಗಳು ರಿಪೇರಿಗೆ ಕೊಟ್ಟಿದ್ದಾಳೆ. ಅವ್ವನಿಗೆ ಹೊಸ ಪಾಠ ಅಂದರೆ ಫೋನಿನಲ್ಲಿ ಫೋಟೊ ತೆಗೆಯುವುದು. ಇಲ್ಲಿಯ ಗುಂಪಿನವರಿಗೆ ಹೊಲಿಗೆ ತೋರಿಸಬೇಕಲ್ಲ, ಅದಕ್ಕೆ. ಮೊದಮೊದಲು ಬರೀ ಹೆಬ್ಬೆರಳೇ ಬರುತ್ತಿತ್ತು. ನಿನ್ನೆ ಕಳಿಸಿದ್ದರಲ್ಲಿ ಅಪ್ಪನ ಧೋತರದ ಬಿಳಿ ಅಂಚು, ಪಕ್ಕದ ಮನೆ ಅಜ್ಜಿ ಕೊಟ್ಟ ನೀಲಿ ಹೂವಿನ ಬಟ್ಟೆ, ಎರಡರ ನಡುವಿನ ಹೊಲಿಗೆ ಸಾಲು ಸಾಲಾಗಿ ಸ್ಪಷ್ಟವಾಗಿ ಕಾಣುತ್ತಿತ್ತು. ಕೂಡಲೇ ಫೋನ್ ಬಂತು.

"ನೋಡಿದೇನು ತಮ್ಮಾ? ಆ ಎಡಗಡೆ ಮೂಲಿ ಸರಿ ಬಂದಿಲ್ಲ. ಬಿಚ್ಚಿ ಮತ್ತ ಹಾಕ್ತೇನಿ. ಗುರುವಾರದೊಳಗ ಕಳಸ್ತೇನಿ ಅಂತ ಅಕಿಗೆ ಹೇಳು."