ಐದೇ ನಿಮಿಷದ ದೀಪದ ಗುಂಡು

‘ಐದೇ ನಿಮಿಷದಲ್ಲಿ ಮಾಡಿ’ ಅಂತ ವಿಡಿಯೊ ಮೇಲೆ ಬರೆದಿತ್ತು. ವಿಡಿಯೊ ಐದು ನಿಮಿಷದ್ದು, ಅಷ್ಟಂತೂ ನಿಜ.

ಬಲೂನ್ ಊದಬೇಕು. ಹತ್ತಿ ದಾರವನ್ನು ಬಿಳಿ ಅಂಟಿನಲ್ಲಿ ಅದ್ದಿ ಅದರ ಮೇಲೆ ಅಡ್ಡಾದಿಡ್ಡಿ ಸುತ್ತಬೇಕು. ಒಣಗಿದ ಮೇಲೆ ಬಲೂನ್ ಒಡೆದರೆ ದಾರದ ಗುಂಡು ಉಳಿಯುತ್ತದೆ. ಒಳಗೊಂದು ಎಲ್‌ಇಡಿ ಬಲ್ಬ್ ಇಳಿಬಿಟ್ಟರೆ ಗೋಡೆ ತುಂಬಾ ನೆರಳಿನ ಬಲೆ. ಅಕ್ಕನ ಹುಟ್ಟುಹಬ್ಬಕ್ಕೆ ಇನ್ನೂ ನಾಲ್ಕು ದಿನ ಇತ್ತು. ಧಾರಾಳ ಆಯ್ತು ಅಂದುಕೊಂಡೆ.

ದಾರವನ್ನು ಸ್ವಲ್ಪ ಸ್ವಲ್ಪವೇ ಬಿಚ್ಚಿ ಅದ್ದಬೇಕಂತೆ. ನಾನು ಉಂಡೆಯನ್ನೇ ಬಟ್ಟಲಿಗೆ ಹಾಕಿದೆ. ಕೆಲಸ ಬೇಗ ಆಗಲಿ ಅಂತ. ಆಮೇಲೆ ತುದಿ ಹುಡುಕಲು ಶುರು ಮಾಡಿದೆ. ಸಿಕ್ಕಿದ್ದೆಲ್ಲ ತುದಿಯಂತೆಯೇ ಕಾಣುತ್ತಿತ್ತು, ಎಳೆದರೆ ಇಡೀ ಉಂಡೆ ಎದ್ದು ಬರುತ್ತಿತ್ತು. ಕೊನೆಗೆ ಕತ್ತರಿ ತಂದೆ. ಕತ್ತರಿಯೂ ಅಂಟಿಕೊಂಡಿತು.

ಹೊಸ ಉಂಡೆ ತಂದು ಎರಡನೇ ಸಲ ಕೂತೆ. ಬಲೂನ್ ಒಂದು ಕಡೆ ನಿಲ್ಲುವ ವಸ್ತುವಲ್ಲ ಅಲ್ವಾ? ಹಾಗಾಗಿ ನಮ್ಮೆಜಮಾನರನ್ನು ಕರೆದೆ.

“ಸುಮ್ನೆ ಹಿಡ್ಕೊಂಡಿರಿ, ಐದೇ ನಿಮಿಷ.”

ಪಾಪ, ಒಂದೂವರೆ ಗಂಟೆ ಹಿಡಿದಿದ್ದರು. ನಡುವೆ ಒಮ್ಮೆ ಮೂಗು ತುರಿಸಿಕೊಂಡರು. ಮೀಸೆಗೆ ಹತ್ತಿದ ಅಂಟು ಒಣಗಿದಾಗ ನಗಲೂ ಆಗಲಿಲ್ಲ, ಬಯ್ಯಲೂ ಆಗಲಿಲ್ಲ. ಆ ಎರಡನೆಯದರಿಂದ ನನಗೇ ಅನುಕೂಲವಾಯ್ತು, ಬಿಡಿ.

ಅಂಟು ಪೂರ್ತಿ ಗಟ್ಟಿಯಾಗಲು 24 ಗಂಟೆ ಬಿಡಬೇಕು. ಅಷ್ಟೂ ಹೊತ್ತು ಅದು ಬಟ್ಟೆ ಒಣಹಾಕುವ ಹಗ್ಗದಲ್ಲಿ ತೂಗಾಡುತ್ತಾ ನೆಲಕ್ಕೆ ಹನಿ ಇಕ್ಕುತ್ತಿತ್ತು. ಮರುದಿನ ಸೂಜಿ ಚುಚ್ಚಿದೆ. ಢಬ್! ಬಲೂನ್ ಒಡೆಯಿತು, ಆದರೆ ದಾರವನ್ನು ಬಿಡಲಿಲ್ಲ. ಒಂದು ಪಕ್ಕವನ್ನು ಒಳಕ್ಕೆ ಎಳೆದುಕೊಂಡೇ ಮುದುಡಿತು. ದಾರ ಸುತ್ತುವ ಮೊದಲು ಬಲೂನಿಗೆ ವ್ಯಾಸಲೀನ್ ಸವರಬೇಕಿತ್ತು. ವಿಡಿಯೊದ ಎರಡನೇ ನಿಮಿಷದಲ್ಲೇ ಹೇಳಿದ್ದರು. ನಾನು ಜಾಣತನದಿಂದ ಅದನ್ನು ಹಾರಿಸಿಕೊಂಡು ಮುಂದೆ ಹೋಗಿದ್ದೆ.

ಕಿತ್ತುಹೋದ ಎಳೆಗಳನ್ನು ಸೇರಿಸಲು ಸೂಪರ್ ಗ್ಲೂ ತೆಗೆದೆ. ಈ ಅಂಟು ಗಟ್ಟಿಯಾಗುವುದೇ ತೇವ ತಾಗಿದಾಗ. ನನ್ನ ಬೆರಳಿಗೆ ಬೆವರು ಜಾಸ್ತಿ. ದಾರ ದಾರಕ್ಕೆ ಅಂಟುವ ಮೊದಲು ಹೆಬ್ಬೆರಳು ತೋರುಬೆರಳಿಗೆ ಅಂಟಿತು. ಹತ್ತಿಗೆ ಇದು ತಾಗಿದರೆ ಬಿಸಿ ಏಳುತ್ತದೆ ಅನ್ನುವುದು ಬೆರಳು ಚುರ್ ಅಂದಾಗ ತಿಳಿಯಿತು. ಬೆಚ್ಚಗಿನ ಸೋಪಿನ ನೀರಲ್ಲಿ ಕೈ ಅದ್ದಿಕೊಂಡು ಕೂತೆ. ಅಷ್ಟರಲ್ಲಿ ಫೋನ್ ಬಂತು. ಅಕ್ಕನದೇ.

“ಏನೇ ಮಾಡ್ತಿದ್ದೀಯ?”

“ಕೈ ತೊಳೀತಿದ್ದೆ ಅಕ್ಕಾ.”

ಬೇರೆ ಉಡುಗೊರೆ ಹುಡುಕಲು ಸಮಯವಿರಲಿಲ್ಲ. ತಗ್ಗು ಬಿದ್ದ ಗುಂಡನ್ನೇ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ತಗ್ಗು ಕೆಳಗೆ ಬರುವಂತೆ ಮಾಡಿ ಕೊಟ್ಟೆ. ಅಕ್ಕ ತೆಗೆದವಳೇ ಮೊದಲು ತಗ್ಗನ್ನೇ ನೋಡಿದಳು.

“ಅಯ್ಯೋ, ಇಲ್ಲಿ ಎಷ್ಟು ಚೆನ್ನಾಗಿ ಬಾಗಿಸಿದ್ದೀಯೇ! ಅಂಗಡಿಯಲ್ಲಿ ಎಲ್ಲಾ ಬರೀ ಗುಂಡಗಿರ್ತವೆ.”

ನಾನು ವಿನಯದಿಂದ ತಲೆ ತಗ್ಗಿಸಿದೆ. ಅಲ್ಲೇ ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ವಾರ ಕಳೆದ ಮೇಲೆ ಫೋಟೊ ಕಳಿಸಿದಳು. ಸೋಫಾದ ಒಂದು ಪಕ್ಕಕ್ಕೆ ದೀಪ ತೂಗುತ್ತಿದೆ, ಇನ್ನೊಂದು ಪಕ್ಕ ಖಾಲಿ. ‘ಜೋಡಿ ಬೇಕು ಕಣೇ. ತಗ್ಗು ಮಾತ್ರ ಇದರ ಹಾಗೇ ಇರಲಿ, ಎಡಗಡೆ, ಸ್ವಲ್ಪ ಕೆಳಗೆ.’

ಈವರೆಗೆ ಮೂರು ಮಾಡಿದ್ದೇನೆ. ವ್ಯಾಸಲೀನ್ ಮುಟ್ಟಿಲ್ಲ. ಮೊದಲನೆಯದಕ್ಕೆ ತಗ್ಗು ಬಲಗಡೆ ಬಿತ್ತು. ಎರಡನೆಯದು ಚಪ್ಪಟೆಯಾಯಿತು. ನಿನ್ನೆಯದು ಏನಾಯಿತೋ, ಬಲೂನ್ ತಾನಾಗಿಯೇ ಬಿಡಿಸಿಕೊಂಡು ಬಂತು. ಗುಂಡು ಚೆಂಡಿನ ಹಾಗೆ ನುಣ್ಣಗಿದೆ. ಬೆಳಗ್ಗಿನಿಂದ ಎಡಗಡೆ ಒತ್ತುತ್ತಿದ್ದೇನೆ, ಕಲ್ಲಿನಂತೆ ಕೂತಿದೆ.