ಹಿಂಬಾಗಿಲಿಗೆ ಇಟ್ಟ ಇಟ್ಟಿಗೆ

ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಚೇರಿಯ ಹಿಂಬಾಗಿಲಿನ ಬಳಿ ಒಂದು ಇಟ್ಟಿಗೆ ಇರುತ್ತಿತ್ತು. ಒಂದು ಮೂಲೆ ಒಡೆದಿದ್ದ, ಬಾಗಿಲಿನ ನೀಲಿ ಬಣ್ಣ ಮೆತ್ತಿಕೊಂಡಿದ್ದ ಸಾಧಾರಣ ಇಟ್ಟಿಗೆ. ಆ ಬಾಗಿಲಿಗೆ ಕಾರ್ಡ್ ತೋರಿಸಿದರಷ್ಟೇ ತೆರೆಯುವ ಬೀಗವಿತ್ತು, ಮೇಲೆ ಕ್ಯಾಮೆರಾ ಇತ್ತು, ಪಕ್ಕದಲ್ಲಿ ‘ಬಾಗಿಲು ಸದಾ ಮುಚ್ಚಿರಲಿ’ ಎಂಬ ಫಲಕವಿತ್ತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಬಾಗಿಲು ಮುಚ್ಚದಂತೆ ತಡೆದು ಆ ಇಟ್ಟಿಗೆ ಮೂರನ್ನೂ ಒಟ್ಟಿಗೆ ಸೋಲಿಸುತ್ತಿತ್ತು.

ಒಂದು ಮಧ್ಯಾಹ್ನ ಅದೇ ಬಾಗಿಲಿನಿಂದ ಯಾರೋ ಒಳಗೆ ಬಂದು ಎರಡು ಲ್ಯಾಪ್‌ಟಾಪ್ ಎತ್ತಿಕೊಂಡು ಹೋದರು. ಮರುದಿನ ನಾವೆಲ್ಲ ಪರದೆಯ ಮುಂದೆ ಗುಂಪುಗೂಡಿ ಕ್ಯಾಮೆರಾದ ದೃಶ್ಯ ನೋಡಿದೆವು. ಕೊರಳಲ್ಲಿ ಗುರುತಿನ ಚೀಟಿಯ ಪಟ್ಟಿ, ಕೈಯಲ್ಲಿ ರಟ್ಟಿನ ಪೆಟ್ಟಿಗೆ, ತಲೆಗೆ ಟೋಪಿ. ಮುಖ ಕಾಣಲಿಲ್ಲ. ಹೊರಗೆ ಹೋಗುವಾಗ ಜರುಗಿದ್ದ ಇಟ್ಟಿಗೆಯನ್ನು ಆ ಮನುಷ್ಯ ಕಾಲಿನಿಂದ ತಳ್ಳಿ ಮೊದಲಿನ ಜಾಗಕ್ಕೇ ಸೇರಿಸಿದ್ದು ಮಾತ್ರ ಸ್ಪಷ್ಟವಾಗಿ ಕಂಡಿತು. ನಮ್ಮೆಲ್ಲರಿಗಿಂತ ಶಿಸ್ತಿನವನು.

ಆಮೇಲೆ ಸಭೆ ಸೇರಿತು. ಇನ್ನೂ ಆರು ಕ್ಯಾಮೆರಾ ಹಾಕಿಸುವುದೆಂದು ತೀರ್ಮಾನವಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆಯಿದೆ. ನಾವು ಅಷ್ಟನ್ನೂ ಮಾಡಲಿಲ್ಲ. ಬಾಗಿಲನ್ನು ತೆರೆದೇ ಇಟ್ಟು, ಮುಂದಿನ ಸಲ ಬರುವವರು ಚೆನ್ನಾಗಿ ಕಾಣಲಿ ಎಂದು ದೀಪ ಹಚ್ಚಿಟ್ಟೆವು. ಕ್ಯಾಮೆರಾ ಬೇಡವೆಂದು ನಾನು ಹೇಳುತ್ತಿಲ್ಲ. ತನಿಖೆಗೆ ಅದು ಬೇಕು, ಅದನ್ನು ನೋಡಿ ಹಿಂಜರಿಯುವವರೂ ಇದ್ದಾರೆ. ಆದರೆ ಯಾರೂ ಕುಳಿತು ನೋಡದ ಕ್ಯಾಮೆರಾ ನಡೆದುಹೋದದ್ದಕ್ಕೆ ಸಾಕ್ಷಿಯೇ ಹೊರತು ಕಾವಲುಗಾರನಲ್ಲ.

ಆ ಇಟ್ಟಿಗೆಯನ್ನು ಅಲ್ಲಿಗೆ ಯಾರು ತಂದರು, ಯಾಕೆ ತಂದರು ಎಂದು ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಸುಮ್ಮನೆ ಟಿಪ್ಪಣಿ ಬರೆದುಕೊಂಡೆ. ಕೆಲವು ದಿನಗಳ ನಂತರ, ಸರಕು ಒಳಗೆ ತರುವ ಹುಡುಗನನ್ನು ವಿಚಾರಿಸಿದೆ. ಅವನು ಉತ್ತರಿಸಲಿಲ್ಲ. ಎರಡು ಕೈಯಲ್ಲೂ ಪೆಟ್ಟಿಗೆ ಹಿಡಿದು ಬಾಗಿಲ ಮುಂದೆ ನಿಂತು, ‘ಈಗ ಕಾರ್ಡ್ ಯಾವ ಕೈಯಲ್ಲಿ ತೋರಿಸಲಿ, ಮೇಡಂ?’ ಎಂದು ಕೇಳಿದ. ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಕಾರ್ಡ್ ತೋರಿಸಿ, ಬಾಗಿಲು ಎಳೆದು, ಅದನ್ನು ಭುಜದಿಂದ ತಡೆದು, ಬಗ್ಗಿ ಪೆಟ್ಟಿಗೆ ಎತ್ತಿಕೊಳ್ಳುವಷ್ಟರಲ್ಲಿ ಬಾಗಿಲು ಬೆನ್ನಿಗೆ ಬಡಿಯುತ್ತಿತ್ತು. ದಿನಕ್ಕೆ ನಲವತ್ತು ಸಲ. ನಾನಾಗಿದ್ದರೆ ಎರಡನೆಯ ದಿನವೇ ಇಟ್ಟಿಗೆ ತರುತ್ತಿದ್ದೆ.

ಮುಂಜಾಗ್ರತೆಯ ಬಗ್ಗೆ ನಾನು ಕಲಿತದ್ದರಲ್ಲಿ ಹೆಚ್ಚಿನದು ಆ ಹುಡುಗನಿಂದ. ನಿಯಮ ಎಲ್ಲಿ ಕೆಲಸಕ್ಕೆ ಅಡ್ಡ ಬರುತ್ತದೆಯೋ ಅಲ್ಲಿ ಒಂದು ಇಟ್ಟಿಗೆ ಹುಟ್ಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಎಂದು ಒತ್ತಾಯಿಸಿದರೆ ಅದು ಕೀಲಿಮಣೆಯ ಕೆಳಗೆ ಅಂಟಿಸಿದ ಚೀಟಿಯಾಗುತ್ತದೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರ ತನ್ನ ಮಾರ್ಗಸೂಚಿಯಲ್ಲಿ, ಸೋರಿಕೆಯಾದ ಸುಳಿವಿಲ್ಲದೆ ಸುಮ್ಮನೆ ಅವಧಿಗೊಮ್ಮೆ ಪಾಸ್‌ವರ್ಡ್ ಬದಲಿಸಲು ಹೇಳಬೇಡಿ ಎಂದಿತು. ಆದರೂ ಎಷ್ಟೋ ಕಚೇರಿಗಳಲ್ಲಿ ಆ ಚೀಟಿಗಳು ಇಂದಿಗೂ ಅಲ್ಲೇ ಇವೆ.

ಇಟ್ಟಿಗೆಗೆ ತದ್ವಿರುದ್ಧವಾದದ್ದೂ ಇದೆ. ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಯಲ್ಲಿ 1911ರ ಮಾರ್ಚ್ 25ರಂದು ಬೆಂಕಿ ಬಿದ್ದಾಗ ಒಂಬತ್ತನೆಯ ಮಹಡಿಯ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಕೆಲಸಗಾರರು ಬಟ್ಟೆ ಕದ್ದೊಯ್ಯಬಾರದು, ಎಲ್ಲರೂ ಒಂದೇ ಬಾಗಿಲಿನಿಂದ ಚೀಲ ತೋರಿಸಿ ಹೋಗಬೇಕು ಎಂಬ ಲೆಕ್ಕಾಚಾರ. ಅಂದು ಸತ್ತವರು 146 ಮಂದಿ, ಹೆಚ್ಚಿನವರು ಎಳೆ ವಯಸ್ಸಿನ ವಲಸಿಗ ಹೆಣ್ಣುಮಕ್ಕಳು. ಕಳ್ಳತನ ತಡೆಯುವ ದೃಷ್ಟಿಯಿಂದ ನೋಡಿದರೆ ಆ ಬೀಗದಲ್ಲಿ ಯಾವ ದೋಷವೂ ಇರಲಿಲ್ಲ. ಅದಕ್ಕೇ ಭದ್ರತೆಯ ಯೋಜನೆಯನ್ನು ಕಳ್ಳನ ಕಣ್ಣಿನಿಂದ ಮಾತ್ರ ಪರೀಕ್ಷಿಸುವವರನ್ನು ಕಂಡರೆ ನನಗೆ ಭಯ. ಬೆಂಕಿಯ ಕಣ್ಣಿನಿಂದಲೂ ಒಮ್ಮೆ ನೋಡಬೇಕು, ಗರ್ಭಿಣಿಯ, ಊರುಗೋಲು ಹಿಡಿದವರ ಕಣ್ಣಿನಿಂದಲೂ ನೋಡಬೇಕು.

ಸಣ್ಣ ಕಿರಿಕಿರಿಗಳನ್ನು ತಾತ್ಸಾರ ಮಾಡುವುದು ಇನ್ನೊಂದು ಚಾಳಿ. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಲ್ಲಿ ಹಣ ವರ್ಗಾವಣೆಯ ವಿವರಗಳನ್ನು ತಾನಾಗಿಯೇ ಮುದ್ರಿಸಬೇಕಿದ್ದ ಒಂದು ಪ್ರಿಂಟರ್ ಕೆಲಸ ನಿಲ್ಲಿಸಿತು. ಕೆಡುವುದು ಯಂತ್ರದ ಸ್ವಭಾವ, ಸರಿಪಡಿಸಿದರಾಯಿತು ಎಂದು ಸಿಬ್ಬಂದಿ ಅಂದುಕೊಂಡರು. ಅಷ್ಟು ಹೊತ್ತಿಗೆ, ಒಳನುಗ್ಗಿ ಆ ಪ್ರಿಂಟರನ್ನೂ ತಾವೇ ನಿಲ್ಲಿಸಿದ್ದ ಹ್ಯಾಕರ್‌ಗಳು ಸುಮಾರು 95 ಕೋಟಿ ಡಾಲರ್ ವರ್ಗಾಯಿಸುವಂತೆ, ಆ ಬ್ಯಾಂಕಿನ ಖಾತೆಯಿದ್ದ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ ಆದೇಶ ಕಳುಹಿಸಿಯಾಗಿತ್ತು. 8.1 ಕೋಟಿ ಡಾಲರ್ ಫಿಲಿಪ್ಪೀನ್ಸ್ ಸೇರಿತು. ಶ್ರೀಲಂಕಾದತ್ತ ಹೊರಟಿದ್ದ 2 ಕೋಟಿ ಡಾಲರ್ ಉಳಿದದ್ದು ‘ಫೌಂಡೇಶನ್’ ಎಂಬ ಪದದ ಕಾಗುಣಿತ ತಪ್ಪಿದ್ದು ದಾರಿಯಲ್ಲಿದ್ದ ಬ್ಯಾಂಕಿನವರೊಬ್ಬರ ಕಣ್ಣಿಗೆ ಬಿದ್ದದ್ದರಿಂದ. ಶಾಲೆಯಲ್ಲಿ ಕಾಗುಣಿತಕ್ಕೆ ಪೆಟ್ಟು ತಿಂದವಳು ನಾನು. ಈ ಭಾಗವನ್ನು ಓದಿದಾಗ ಸ್ವಲ್ಪ ಸಂತೋಷವಾಯಿತು.

ಒಳಗಿನವರಿಂದಲೇ ಆಗುವ ಮೋಸದ ಬಗ್ಗೆ ಮಾತನಾಡಲು ಎಲ್ಲರಿಗೂ ಮುಜುಗರ. ಬೇಲಿಯೇ ಎದ್ದು ಹೊಲ ಮೇಯುವುದನ್ನು ತಡೆಯಲು ಬೇಲಿಯ ಮೇಲೆ ಗೂಢಚಾರರನ್ನು ಬಿಡಬೇಕಿಲ್ಲ. ಚೆಕ್ ಬರೆಯುವವರೇ ಲೆಕ್ಕ ತಾಳೆ ನೋಡಬಾರದು, ಅಷ್ಟೇ. ಬ್ರಿಟನ್ನಿನ ಬೇರಿಂಗ್ಸ್ ಬ್ಯಾಂಕಿನ ಸಿಂಗಪುರ ಶಾಖೆಯಲ್ಲಿ ವಹಿವಾಟು ನಡೆಸುವವನೂ ಅದರ ಲೆಕ್ಕ ಚುಕ್ತಾ ಮಾಡಿಸುವವನೂ ನಿಕ್ ಲೀಸನ್ ಒಬ್ಬನೇ ಆಗಿದ್ದ. 1995ರಲ್ಲಿ 82.7 ಕೋಟಿ ಪೌಂಡ್ ನಷ್ಟ ಹೊರಬಿತ್ತು; 1762ರಿಂದ ನಡೆದುಬಂದಿದ್ದ ಬ್ಯಾಂಕ್ ಒಂದು ಪೌಂಡಿಗೆ ಮಾರಾಟವಾಯಿತು. ಹಣ ಮುಟ್ಟುವ ಹುದ್ದೆಯವರು ವರ್ಷಕ್ಕೊಮ್ಮೆ ಸತತವಾಗಿ ಕೆಲವು ದಿನ ರಜೆ ಹಾಕಲೇಬೇಕು ಎಂಬ ನಿಯಮ ಹಲವು ಬ್ಯಾಂಕುಗಳಲ್ಲಿ ಇರುವುದು ಇಂಥ ಕಾರಣಕ್ಕೆ. ಆ ಕುರ್ಚಿಯಲ್ಲಿ ಬೇರೆಯವರು ಕುಳಿತಾಗ, ಮುಚ್ಚಿಟ್ಟದ್ದಿದ್ದರೆ ಮೇಲೆ ಬರುತ್ತದೆ. ಹತ್ತು ವರ್ಷ ಒಂದು ದಿನವೂ ರಜೆ ಹಾಕಿಲ್ಲ ಎಂದು ಸನ್ಮಾನ ಮಾಡುವಾಗ ನಾನು ಚಪ್ಪಾಳೆ ತಟ್ಟುತ್ತೇನೆ, ಜೊತೆಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಳ್ಳುತ್ತೇನೆ.

ಕೆಲಸ ಬಿಟ್ಟವರ ಲಾಗಿನ್ ಅಂದೇ ಮುಚ್ಚುವುದು, ಬ್ಯಾಕಪ್‌ನ ಒಂದು ಪ್ರತಿಯನ್ನು ಬೇರೆ ಕಟ್ಟಡದಲ್ಲಿಟ್ಟು ಅದು ನಿಜವಾಗಿ ತೆರೆಯುತ್ತದೆಯೇ ಎಂದು ನೋಡುವುದು, ಇವೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿಗಳು. ಮಾಡದಿರುವುದಕ್ಕೆ ಸೋಮಾರಿತನ ಬಿಟ್ಟರೆ ಬೇರೆ ಕಾರಣ ನನಗೆ ಕಂಡಿಲ್ಲ.

ಅದೇ ಕಚೇರಿಯ ಲೆಕ್ಕಪತ್ರ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳಿಗೆ ಒಂದು ದಿನ ಇಮೇಲ್ ಬಂತು. ನಮಗೆ ಬಹುಕಾಲದಿಂದ ಸರಕು ಕೊಡುತ್ತಿದ್ದವರ ಹೆಸರಿನಲ್ಲಿ: ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿಯನ್ನು ಇಂದು ಸಂಜೆಯೊಳಗೆ ಹೊಸ ಖಾತೆಗೆ ಹಾಕಿ. ವ್ಯವಸ್ಥಾಪಕರೂ ‘ಹಾಕಿಬಿಡು’ ಎಂದಿದ್ದರು. ಅವಳು, ‘ಸರ್, ಒಂದು ಸಲ ಫೋನ್ ಮಾಡಿ ಕೇಳಿಬಿಡುತ್ತೇನೆ’ ಎಂದಳು. ‘ಎಲ್ಲದಕ್ಕೂ ಅನುಮಾನಪಟ್ಟರೆ ಕೆಲಸ ಆಗುವುದು ಯಾವಾಗ?’ ಎಂದು ಅವರು ಗದರಿದರು. ಅವಳು ಇಮೇಲ್‌ನಲ್ಲಿದ್ದ ಸಂಖ್ಯೆಗೆ ಕರೆ ಮಾಡಲಿಲ್ಲ, ಹಳೆಯ ರಿಜಿಸ್ಟರ್ ತೆಗೆದು ಅಲ್ಲಿದ್ದ ಸಂಖ್ಯೆಗೆ ಮಾಡಿದಳು. ಆ ಕಡೆಯವರು ಖಾತೆ ಬದಲಿಸಿರಲೇ ಇಲ್ಲ.

ಮುಂದೇನಾಯಿತು? ಏನೂ ಆಗಲಿಲ್ಲ. ಹಣ ಹೋಗಲಿಲ್ಲ, ಆದ್ದರಿಂದ ಸಭೆಯಿಲ್ಲ, ವರದಿಯಿಲ್ಲ, ಅವಳಿಗೊಂದು ಮೆಚ್ಚುಗೆಯ ಮಾತೂ ಇಲ್ಲ. ಗದರಿದ್ದನ್ನು ವ್ಯವಸ್ಥಾಪಕರು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಮುಂಜಾಗ್ರತೆಯ ದೊಡ್ಡ ಕಷ್ಟವೇ ಇದು. ತಪ್ಪಿಹೋದ ಅನಾಹುತಕ್ಕೆ ಯಾವ ಖಾತೆಪುಸ್ತಕದಲ್ಲೂ ಕಾಲಂ ಇಲ್ಲ. ಕಿರಿಯರು ಹಿರಿಯರನ್ನು ‘ಒಂದು ನಿಮಿಷ ತಾಳಿ’ ಎಂದು ತಡೆಯಬಹುದಾದ ಕಚೇರಿಗೆ ಅರ್ಧ ಭದ್ರತೆ ಬಿಟ್ಟಿಯಾಗಿ ಸಿಗುತ್ತದೆ. ಹಾಗೆ ತಡೆದವರಿಗೆ ಬೈಗುಳ ಸಿಗುವ ಕಚೇರಿ ಏನನ್ನು ಕೊಂಡು ತಂದರೂ ಅಷ್ಟೇ.

ಇಟ್ಟಿಗೆಯ ಕಥೆಗೆ ಬರುತ್ತೇನೆ. ಬಾಗಿಲ ಪಕ್ಕದ ಗೋಡೆಗೆ ಸೊಂಟದೆತ್ತರಕ್ಕೆ ಒಂದು ಹಲಗೆ ಹೊಡೆಸಿದರೆ ಹುಡುಗ ಪೆಟ್ಟಿಗೆಯನ್ನು ಅದರ ಮೇಲಿಟ್ಟು ಕಾರ್ಡ್ ತೋರಿಸಬಹುದು, ಬಾಗಿಲು ತುಸು ನಿಧಾನವಾಗಿ ಮುಚ್ಚುವಂತೆ ತಿರುಪು ಹೊಂದಿಸಿದರೆ ಬೆನ್ನಿಗೂ ಬಡಿಯುವುದಿಲ್ಲ ಎಂದು ಬರೆದುಕೊಟ್ಟೆ. ಆರು ಕ್ಯಾಮೆರಾಗಳ ಖರೀದಿಗೆ ಒಂದೇ ಸಭೆಯಲ್ಲಿ ಒಪ್ಪಿಗೆ ಸಿಕ್ಕಿತ್ತು. ಹಲಗೆಯ ಕಡತ ಏಳು ವಾರ ಓಡಾಡಿತು. ಕೊನೆಗೆ ಬಡಗಿ ಬಂದು ಹಲಗೆ ಹೊಡೆದು ಹೋದ ದಿನ ಸಂಜೆ ಹಿಂಬಾಗಿಲಿನ ಕಡೆಯಿಂದಲೇ ಹೊರಟೆ. ಬಾಗಿಲು ಮುಚ್ಚಿತ್ತು. ಇಟ್ಟಿಗೆ ಗೋಡೆಗೆ ಒರಗಿ ಕುಳಿತಿತ್ತು. ಅದನ್ನು ಎಸೆಯಲು ಹುಡುಗನಿಗೆ ಇನ್ನೂ ಧೈರ್ಯ ಬಂದಿರಲಿಲ್ಲ.